ಹದಿನಾಲ್ಕನೆಯ ಮಹಡಿಯ ಗುಲ್‌ಖಾನ

ಮಗಳ ಚೊಚ್ಚಲ ಹೆರಿಗೆಗೆಂದು 2022ರ ಸೆಪ್ಟೆಂಬರ್ ಮೊದಲ ವಾರ ನಾನು ಕೆನಡಕ್ಕೆ ಹೊರಟೆ. ಮಂಗಳೂರಿನಿಂದ ದುಬೈ, ದುಬೈಯಿಂದ ಟೊರೊಂಟೊ. ಎರಡನೆಯ ವಿಮಾನದಲ್ಲೇ ಸುಮಾರು 14 ಗಂಟೆ ಕುಳಿತಿರಬೇಕು. ಸೂಟ್‌ಕೇಸಿನಲ್ಲಿ ಬಾಣಂತಿ ಮದ್ದಿನ ಪುಡಿ, ಓಲೆಬೆಲ್ಲ, ತೆಂಗಿನೆಣ್ಣೆ, ಮಗುವಿಗೆ ಹಳೆಯ ಮೆತ್ತನೆಯ ಬಟ್ಟೆ ಎಲ್ಲ ಇದ್ದವು. ನಮ್ಮ ಅಂಗಳದ ಮಲ್ಲಿಗೆಯ ಎರಡು ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಬೇಕೆಂದಿದ್ದೆ. ಅಳಿಯ ಫೋನಿನಲ್ಲೇ ತಡೆದರು. ಗಿಡ, ಮಣ್ಣು ಯಾವುದನ್ನೂ ಪರವಾನಗಿ ಇಲ್ಲದೆ ಆ ದೇಶದೊಳಗೆ ಒಯ್ಯುವಂತಿಲ್ಲವಂತೆ. ಗೆಲ್ಲುಗಳನ್ನು ಅಲ್ಲೇ ಬಾವಿಕಟ್ಟೆಯ ಬಳಿ ಊರಿ ಹೊರಟೆ.

ಮಗಳ ಮನೆ ಇರುವುದು ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯಲ್ಲಿ. 1950ರ ದಶಕದ ಆರಂಭದವರೆಗೆ ಅಲ್ಲಿ ಕುದುರೆ ಪಂದ್ಯದ ಮೈದಾನವಿತ್ತು. ಈಗ ಅದರ ಜಾಗದಲ್ಲಿ ಸುತ್ತಲೂ ಎತ್ತರದ ಕಟ್ಟಡಗಳು. ಪಾಕಿಸ್ತಾನ, ಅಫ್ಘಾನಿಸ್ತಾನ, ಭಾರತ, ಹೀಗೆ ನಾನಾ ದೇಶಗಳಿಂದ ಬಂದವರು ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿಯುತ್ತಾರೆ. ಲಿಫ್ಟಿನ ಬಾಗಿಲು ತೆರೆದರೆ ಒಂದು ಮಹಡಿಯಲ್ಲಿ ಒಗ್ಗರಣೆಯ ವಾಸನೆ, ಇನ್ನೊಂದರಲ್ಲಿ ಏಲಕ್ಕಿ ಚಹಾದ ಪರಿಮಳ. ಅಲ್ಲಿನ ಪಾರ್ಕಿನಲ್ಲಿ ಹೆಂಗಸರ ಸಮಿತಿಯೊಂದು 2013ರಲ್ಲಿ ಎಲ್ಲರಿಗಾಗಿ ತಂದೂರ್ ಒಲೆಯನ್ನೇ ಕಟ್ಟಿಸಿದೆ. ಪರದೇಶಕ್ಕೆ ಬಂದೆನೆಂದು ಅನಿಸಲು ನನಗೆ ಎರಡು ದಿನ ಬೇಕಾಯಿತು.

ಮಗಳ ಮನೆ ಹದಿನಾಲ್ಕನೆಯ ಮಹಡಿಯಲ್ಲಿ. ಒಂದು ಹಾಲ್, ಒಂದು ಮಲಗುವ ಕೋಣೆ, ಇಬ್ಬರು ಒಟ್ಟಿಗೆ ನಿಂತರೆ ತುಂಬಿಹೋಗುವ ಅಡುಗೆಮನೆ. ಆದರೆ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಜಿರೇನಿಯಂ ನಾಲ್ಕು ಕುಂಡ, ಉರಿಗೆಂಪು. ತೂಗುಕುಂಡದಲ್ಲಿ ಒಂದು ಫ್ಯೂಷಿಯಾ, ಜುಮುಕಿಯ ಹಾಗೆ ತಲೆಕೆಳಗಾಗಿ ತೂಗುವ ಹೂಗಳು. ಎರಡು ಡೇಲಿಯಾ, ಒಂದು ಕೆಂಪು ದಾಸವಾಳ. ಮೂಲೆಯಲ್ಲಿ ಗಾಳಿ ತಾಗದ ಹಾಗೆ ಗೋಡೆಗೆ ಒತ್ತಿ ಇಟ್ಟ ಒಂದು ದುಂಡುಮಲ್ಲಿಗೆ. ಇವಳು ಊರಿನಲ್ಲಿದ್ದಾಗ ಅಂಗಳಕ್ಕೆ ನೀರು ಹಾಕೆಂದರೆ ಮುಖ ಊದಿಸುತ್ತಿದ್ದವಳು!

"ಮಲ್ಲಿಗೆ ನಾನು ಬಂದ ಮೊದಲ ವರ್ಷ ತಗೊಂಡದ್ದು ಉಮ್ಮಾ" ಎಂದಳು. "ಇಲ್ಲಿನ ನರ್ಸರಿಯಲ್ಲಿ ಅರೇಬಿಯನ್ ಜಾಸ್ಮಿನ್ ಅಂತ ಚೀಟಿ ಅಂಟಿಸಿ ಇಟ್ಟಿದ್ದರು. ಮೂಸಿ ನೋಡಿದರೆ ನಮ್ಮದೇ." ಸಸ್ಯಶಾಸ್ತ್ರದ ಲೆಕ್ಕದಲ್ಲೂ ಅದು ನಮ್ಮದೇ. ಉಡುಪಿಯ ಕಡೆ ಶಂಕರಪುರದಲ್ಲಿ ಬೆಳೆದು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುವ ಮಲ್ಲಿಗೆಯೂ ಇದೇ ಜಾತಿಯದು. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೋ ಐದೋ ಹೂ ಸಿಗುತ್ತದಂತೆ. ಮುಡಿಯಲು ಸಾಲದು. ತಟ್ಟೆಯಲ್ಲಿಟ್ಟು ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಿದ್ದಳಂತೆ.

ಆ ಬಾಲ್ಕನಿಯಲ್ಲಿದ್ದ ಒಂದು ಗಿಡವೂ ಆ ನಾಡಿನದಲ್ಲ. ಜಿರೇನಿಯಂ ಎಂದು ನಾವು ಕರೆಯುವುದರ ಮೂಲ ಆಫ್ರಿಕಾದ ದಕ್ಷಿಣ ತುದಿ. ಅದರ ನಿಜವಾದ ಹೆಸರು ಪೆಲಾರ್ಗೋನಿಯಂ. 1789ರಲ್ಲಿ ಒಬ್ಬ ಫ್ರೆಂಚ್ ವಿದ್ವಾಂಸ ಅದನ್ನು ಜಿರೇನಿಯಂ ಗುಂಪಿನಿಂದ ಬೇರ್ಪಡಿಸಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಡೇಲಿಯಾ ಮೆಕ್ಸಿಕೋದ್ದು. ಫ್ಯೂಷಿಯಾ ಹೆಚ್ಚಾಗಿ ದಕ್ಷಿಣ ಅಮೆರಿಕಾದ್ದು. ದಾಸವಾಳ, ಮಲ್ಲಿಗೆ ನಮ್ಮ ಕಡೆಯವು. ಹಿಮ ಎಂದರೇನೆಂದು ಇವುಗಳಿಗೆ ಗೊತ್ತಿಲ್ಲ. ಎಲೆಯೊಳಗಿನ ನೀರು ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು, ಬೆಳಗಾಗುವಾಗ ಇಡೀ ಗಿಡ ಬೇಯಿಸಿದ ಬಸಳೆಯಂತೆ ಕಪ್ಪಾಗಿ ಜೋತುಬಿದ್ದಿರುತ್ತದೆ. ಆದ್ದರಿಂದ ಆ ದೇಶದಲ್ಲಿ ಅನೇಕರು ಇವನ್ನು ಮೇ ತಿಂಗಳಲ್ಲಿ ಕೊಂಡು, ಅಕ್ಟೋಬರಿನಲ್ಲಿ ಕಸದ ಚೀಲಕ್ಕೆ ಹಾಕುತ್ತಾರೆ. ಬಿಸಾಡಲು ಮನಸ್ಸು ಬಾರದವರು ಮನೆಯೊಳಗೆ ತರುತ್ತಾರೆ. ಮನೆ ದೊಡ್ಡದಿದ್ದರೆ ಸರಿ. ನಮ್ಮಲ್ಲಿ ತೊಟ್ಟಿಲು ಇಡುವುದೆಲ್ಲಿ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಹೆರಿಗೆಯಾಯಿತು. ಅಲ್‌ಹಮ್ದುಲಿಲ್ಲಾಹ್, ಹೆಣ್ಣುಮಗು. ಎಣ್ಣೆ, ಸ್ನಾನ, ಮದ್ದು, ಗಂಜಿ ಎಂದು ನಾನು ಮುಳುಗಿಹೋದೆ. ಅಷ್ಟರಲ್ಲಿ ಅಕ್ಟೋಬರ್ ಎರಡನೆಯ ವಾರ ಬಂತು. ಬೀದಿಯ ಮೇಪಲ್ ಮರಗಳು ಹಳದಿ, ಕೆಂಪು ಬಣ್ಣಕ್ಕೆ ತಿರುಗಿ ನೋಡಲು ಎರಡು ಕಣ್ಣು ಸಾಲದು ಎಂಬಂತಿದ್ದವು. ರಾತ್ರಿ ಮಾತ್ರ ಬಾಲ್ಕನಿಗೆ ಹೋದರೆ ಬೆರಳು ಮರಗಟ್ಟುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯ ಖಾಲಾ ಬಾಗಿಲು ತಟ್ಟಿದರು. ಕೈಯಲ್ಲಿ ಕತ್ತರಿ, ಕಂಕುಳಲ್ಲಿ ಕಾಗದದ ಚೀಲಗಳು.

ಖಾಲಾ ಕಾಬೂಲಿನವರು. ವಯಸ್ಸು ಎಪ್ಪತ್ತರ ಮೇಲೆ. ಕೆಲವು ವರ್ಷ ಪೇಶಾವರದಲ್ಲಿ ನಿರಾಶ್ರಿತರಾಗಿದ್ದು, ಇಪ್ಪತ್ತು ವರ್ಷಗಳ ಹಿಂದೆ ಕೆನಡಕ್ಕೆ ಬಂದವರು. ಅವರಿಗೆ ಪೇಶಾವರದಲ್ಲಿ ಕಲಿತ ಉರ್ದು, ನನಗೆ ಮದ್ರಸದ ಕಾಲದ ಹರಕುಮುರುಕು ಉರ್ದು. ಅವರ ಕ್ರಿಯಾಪದ ನನಗೆ ತಿಳಿಯದು, ನನ್ನ ಲಿಂಗ ಅವರಿಗೆ ತಿಳಿಯದು. ಅಳಿಯ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆದರೆ ಗಿಡದ ಮುಂದೆ ಕುಳಿತರೆ ಅಷ್ಟು ಭಾಷೆ ಸಾಕಾಗುತ್ತಿತ್ತು.

ಜಿರೇನಿಯಂಗೆ ಅವರ ಭಾಷೆಯಲ್ಲಿ ಶಮದಾನಿ ಎನ್ನುತ್ತಾರೆ. ಮೇಣದಬತ್ತಿ ಇಡುವ ಶಮಾದಾನದ ಹೆಸರೇ ಈ ಗಿಡಕ್ಕೂ. ಉದ್ದ ದಂಟಿನ ತುದಿಯಲ್ಲಿ ಗೊಂಚಲು ಹೂ ಉರಿಯುವುದನ್ನು ಕಂಡರೆ ಹೆಸರು ಸರಿ ಎನಿಸುತ್ತದೆ. ಕಾಬೂಲ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮ ಬೀಳುವ ಊರು. ಅಲ್ಲಿನ ಹಳೆಯ ಮನೆಗಳಲ್ಲಿ ಬಿಸಿಲು ಬೀಳುವ ಕಡೆಗೆ ಗಾಜು ಹಾಕಿದ ಒಂದು ಜಗಲಿ ಇರುತ್ತದಂತೆ. ಅದರ ಹೆಸರು ಗುಲ್‌ಖಾನ, ಅಂದರೆ ಹೂವಿನ ಮನೆ. ಚಳಿಗಾಲ ಬಂದಾಗ ಕುಂಡಗಳೆಲ್ಲ ಅಲ್ಲಿಗೆ. ಮನೆಯ ಹೆಂಗಸರೂ ಹೊಲಿಗೆ, ತರಕಾರಿ ಹಿಡಿದುಕೊಂಡು ಅಲ್ಲಿಗೇ. ಗಾಜು ಹಾಕಲು ಗತಿಯಿಲ್ಲದವರು ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದರಂತೆ. "ಯಹಾಂ ಗುಲ್‌ಖಾನ ಕಹಾಂ?" ಎಂದು ನಮ್ಮ ಹಾಲನ್ನು ಸುತ್ತ ನೋಡಿ, ಕಿಟಕಿಯ ಕೆಳಗಿನ ಹಲಗೆಯನ್ನು ಗೇಣಿನಿಂದ ಅಳೆದರು. ಒಂಬತ್ತು ಗೇಣು. ನಮ್ಮ ಕುಂಡಗಳೂ ಒಂಬತ್ತು. ಆದರೆ ಒಂದು ಕುಂಡಕ್ಕೆ ಒಂದೂವರೆ ಗೇಣು ಬೇಕು.

ಖಾಲಾ ಮೊದಲು ಮಾಡಿದ್ದು ಆಯ್ಕೆ. ಯಾವುದಕ್ಕೆ ಬೆಳಕು ಬೇಕೇ ಬೇಕು, ಯಾವುದು ಕತ್ತಲಲ್ಲಿ ಮಲಗಬಲ್ಲದು ಎಂದು ಎರಡು ಪಾಲು ಮಾಡಿದರು. ದಾಸವಾಳ, ಮಲ್ಲಿಗೆ ವರ್ಷವಿಡೀ ಎಲೆ ಹೊತ್ತಿರುವ ಬಿಸಿನಾಡಿನ ಗಿಡಗಳು, ಅವಕ್ಕೆ ಕಿಟಕಿ. ಡೇಲಿಯಾ ಗೆಡ್ಡೆಯ ಗಿಡ. ಮೇಲಿನದೆಲ್ಲ ಸತ್ತರೂ ಗೆಡ್ಡೆ ಹೆಪ್ಪುಗಟ್ಟದಿದ್ದರೆ ಮತ್ತೆ ಚಿಗುರುತ್ತದೆ. ಕುಂಡದ ಮಣ್ಣಿಗೆ ಸುತ್ತಲಿಂದಲೂ ಚಳಿ ಹೊಡೆಯುವುದರಿಂದ ಅದು ನೆಲಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ, ಹೊರಗೆ ಬಿಡುವಂತಿಲ್ಲ. ದಂಟನ್ನು ನಾಲ್ಕು ಬೆರಳು ಉಳಿಸಿ ಕತ್ತರಿಸಿ, ಗೆಡ್ಡೆ ಅಗೆದು, ಮಣ್ಣು ಕೊಡವಿ, ಎರಡು ದಿನ ಆರಲು ಬಿಟ್ಟು, ಕಾಗದದಲ್ಲಿ ಸುತ್ತಿ ಶೂ ಡಬ್ಬಿಯಲ್ಲಿಟ್ಟರು. ಫ್ಯೂಷಿಯಾ ತಂಪಾದ ಜಾಗದಲ್ಲಿ ಎಲೆ ಉದುರಿಸಿಕೊಂಡು ನಿದ್ದೆ ಮಾಡುತ್ತದೆ, ಅದಕ್ಕೆ ಬೆಳಕಿನ ಹಂಗಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಸಾಮಾನು ಇಡಲು ಜಾಲರಿ ಬಾಗಿಲಿನ ಒಂದು ಲಾಕರ್ ಇದೆ. ಅಲ್ಲಿ ಹೀಟರ್ ಇಲ್ಲ. ಹೆಪ್ಪುಗಟ್ಟುವ ಚಳಿಯೂ ಇಲ್ಲ. ಡೇಲಿಯಾ, ಫ್ಯೂಷಿಯಾ ಎರಡೂ ಅಲ್ಲಿಗೆ ಇಳಿದವು.

ಜಿರೇನಿಯಂನ ಸರದಿ ಬಂದಾಗ ನನಗೂ ಖಾಲಾಗೂ ಮನಸ್ತಾಪವೇ ಆಯಿತು. ನಾಲ್ಕೂ ಕುಂಡದಲ್ಲಿ ಇನ್ನೂ ಹೂವಿತ್ತು. ಖಾಲಾ ಪ್ರತಿ ಗಿಡದಿಂದಲೂ ತುದಿಯ ಗೆಲ್ಲುಗಳನ್ನು ಗಣ್ಣಿನ ಕೆಳಗೆ ನಾಲ್ಕು ಅಂಗುಲ ಉದ್ದಕ್ಕೆ ಕತ್ತರಿಸಿ, ಹೂ ಮೊಗ್ಗು ಎಲ್ಲ ಚಿವುಟಿ, ಮೇಲಿನ ಎರಡು ಎಲೆ ಮಾತ್ರ ಬಿಟ್ಟು, ಪತ್ರಿಕೆಯ ಮೇಲೆ ಸಾಲಾಗಿ ಮಲಗಿಸಿದರು. ಒಂದು ರಾತ್ರಿ ಹಾಗೆಯೇ ಬಾಡಬೇಕು. ಗಾಯ ಒಣಗದೆ ಮಣ್ಣಿಗೆ ಊರಿದರೆ ಕೊಳೆಯುತ್ತದೆ. ಮರುದಿನ ತಳಕ್ಕೆ ತೂತು ಮಾಡಿದ ಮೊಸರಿನ ಡಬ್ಬಿಗಳಲ್ಲಿ, ಮಣ್ಣಿಗೆ ಪರ್ಲೈಟ್ ಎಂಬ ಮಂಡಕ್ಕಿಯಷ್ಟು ಹಗುರವಾದ ಬಿಳಿ ಕಲ್ಲನ್ನು ಅರ್ಧಕ್ಕರ್ಧ ಬೆರೆಸಿ ನೆಡುವುದು. ಅಷ್ಟರ ಮಟ್ಟಿಗೆ ಸರಿ. ಆದರೆ ಉಳಿದ ತಾಯಿ ಗಿಡಗಳನ್ನು ಏನು ಮಾಡುವುದು?

ಖಾಲಾ ಎರಡನ್ನು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಎಲೆಗಳನ್ನೆಲ್ಲ ತೆಗೆದು, ಬರಿಯ ಕಡ್ಡಿಗಳನ್ನು ಕಾಗದದ ಚೀಲಕ್ಕೆ ಹಾಕಿದರು. ಇನ್ನೆರಡು ಹಳೆಯವು, ಬುಡ ಮರದಂತೆ ಗಟ್ಟಿಯಾದವು. "ಯೇ ಬೂಢಿ ಹೈ" ಎಂದು ಅವನ್ನು ಪಕ್ಕಕ್ಕೆ ಸರಿಸಿದರು. ಅಂದರೆ ಕಸಕ್ಕೆ. ನಾನು ಬಿಡಲಿಲ್ಲ. ಮೂರು ವರ್ಷ ಹೂ ಕೊಟ್ಟ ಗಿಡವನ್ನು, ಅದೂ ಹೂವಿರುವಾಗಲೇ, ಮುದಿಯೆಂದು ಬಿಸಾಡುವುದೇ? ಅರುವತ್ತು ದಾಟಿದ ನನಗೆ ಆ ಮಾತು ಎಲ್ಲೋ ಚುಚ್ಚಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಖಾಲಾ ನನ್ನ ಮುಖ ನೋಡಿ, ಏನೂ ಹೇಳದೆ, ಅವನ್ನೂ ಕತ್ತರಿಸಿ ಚೀಲಕ್ಕೆ ಹಾಕಿ, ಚೀಲದ ಮೇಲೆ ಪೆನ್ನಿನಿಂದ ಒಂದು ಗೀಟೆಳೆದರು. ಒಟ್ಟು ನಾಲ್ಕು ಚೀಲ ಲಾಕರಿಗೆ ಹೋದವು. ತಿಂಗಳಿಗೊಮ್ಮೆ ತೆಗೆದು ಬೇರುಗಳನ್ನು ಒಂದು ಗಂಟೆ ನೀರಿನಲ್ಲಿಟ್ಟು, ಒರೆಸಿ, ಮತ್ತೆ ಮಲಗಿಸಬೇಕು.

ಕಿಟಕಿಗೆ ಬರುವ ಗಿಡಗಳಿಗೂ ಒಳಗೆ ಸುಮ್ಮನೆ ಪ್ರವೇಶವಿಲ್ಲ. ಎಲೆಯ ಅಡಿಭಾಗವನ್ನು ಸೋಪಿನ ನೀರಿನಿಂದ ಒಂದೊಂದಾಗಿ ಒರೆಸಿದೆವು. ಹೊರಗೆ ಮಳೆ ಗಾಳಿಯಲ್ಲಿ ಅಡಗಿರುವ ಬಿಳಿ ನೊಣ, ಹೇನುಗಳು ಒಳಗಿನ ಬೆಚ್ಚಗಿಗೆ ಬಂದರೆ ವಾರದೊಳಗೆ ಮನೆಯಿಡೀ ಹಬ್ಬುತ್ತವೆ. ಮಗು ಇರುವ ಮನೆಯಲ್ಲಿ ವಿಷ ಸಿಂಪಡಿಸುವ ಮಾತೇ ಇಲ್ಲ. ದಾಸವಾಳವನ್ನು ಮೂರರಲ್ಲಿ ಒಂದು ಪಾಲು ಸವರಿ, ಕಿಟಕಿಯ ಒಂದು ತುದಿಗೆ ಇಟ್ಟರು. ನಡುವೆ ಜಿರೇನಿಯಂನ ಹನ್ನೆರಡು ಮೊಸರು ಡಬ್ಬಿ. ಇನ್ನೊಂದು ತುದಿಗೆ ಮಲ್ಲಿಗೆ. ಹೋಗುವಾಗ ಖಾಲಾ ಬೆರಳೆತ್ತಿ ನನಗೇ ಹೇಳಿದರು, "ಪಾನಿ ಕಮ್. ಬಹುತ್ ಕಮ್."

ಯಾಕೆ ಕಡಿಮೆ ಎಂಬುದು ನನಗೆ ಅರ್ಥವಾಗಲು ನವೆಂಬರ್ ಬರಬೇಕಾಯಿತು. ಆ ತಿಂಗಳ 6ನೇ ತಾರೀಕು ದೇಶದ ಹೆಚ್ಚಿನ ಭಾಗಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಮಗ್ರಿಬ್ ಒಮ್ಮೆಲೇ ಐದು ಗಂಟೆಗೆ ಬಂತು. ಡಿಸೆಂಬರ್ 21ಕ್ಕೆ ಬೆಳಿಗ್ಗೆ 8ಕ್ಕೆ ಸ್ವಲ್ಪ ಮೊದಲು ಸೂರ್ಯೋದಯ, ಸಂಜೆ ಮುಕ್ಕಾಲು ಐದಕ್ಕೆ ಮುಳುಗಿಯಾಯಿತು. ಹಗಲು ಒಂಬತ್ತು ಗಂಟೆಯೂ ಇಲ್ಲ. ನಮ್ಮ ಮಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ಅಲ್ಲಿ ಇರುವ ಅಷ್ಟು ಹಗಲಿನಲ್ಲೂ ಸೂರ್ಯ ನೆತ್ತಿಗೆ ಬರುವುದಿಲ್ಲ, ಆಕಾಶದ ಅಂಚಿನಲ್ಲೇ ನಡೆದುಹೋಗುತ್ತಾನೆ. ಬೆಳಕು ಇಲ್ಲದಾಗ ಎಲೆ ಆಹಾರ ತಯಾರಿಸುವುದಿಲ್ಲ, ಗಿಡ ಬೆಳೆಯುವುದಿಲ್ಲ. ಬೆಳೆಯದ ಗಿಡ ನೀರು ಕುಡಿಯುವುದಿಲ್ಲ. ಹಾಕಿದ ನೀರು ಕುಂಡದಲ್ಲೇ ನಿಂತು ಬೇರಿಗೆ ಉಸಿರು ಕಟ್ಟುತ್ತದೆ. ಗೊಬ್ಬರವೂ ಹಾಗೆಯೇ, ಫೆಬ್ರವರಿ ಕಳೆಯುವವರೆಗೆ ಮುಟ್ಟಬಾರದು.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆಗ ನಾನು ಮಾಡಿದ್ದೇ ಬೇರೆ.

ಮಲ್ಲಿಗೆಯ ಎಲೆ ಒಂದೆರಡು ಹಳದಿಯಾದವು. ಪಾಪ, ನಮ್ಮೂರಿನ ಗಿಡ, ಚಳಿಗೆ ನಡುಗುತ್ತಿದೆ ಎಂದುಕೊಂಡೆ. ಕಿಟಕಿಯ ಕೆಳಗೆ ಉದ್ದಕ್ಕೆ ಹೀಟರ್ ಇತ್ತು. ಟೊರೊಂಟೊದಲ್ಲಿ ಚಳಿಗಾಲದಲ್ಲಿ ಬಾಡಿಗೆ ಮನೆಯನ್ನು ಕನಿಷ್ಠ 21 ಡಿಗ್ರಿಯಷ್ಟು ಬೆಚ್ಚಗಿಡುವುದು ಮಾಲೀಕರ ಹೊಣೆ ಎಂದು ಕಾನೂನಿದೆ. ನಮ್ಮ ಕಟ್ಟಡದಲ್ಲಿ ಅದಕ್ಕಿಂತಲೂ ಹೆಚ್ಚು. ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲ್ಲಿಗೆ ಕುಂಡವನ್ನು ಹೀಟರಿನ ಪಕ್ಕ ಇಳಿಸಿ, ಮಗುವಿಗೆ ಕಾಯಿಸಿದ್ದರಲ್ಲಿ ಉಳಿದ ಉಗುರುಬೆಚ್ಚಗಿನ ನೀರನ್ನು ಹಾಕುತ್ತಿದ್ದೆ. ದಿನಾ. ಖಾಲಾಗೆ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಎಲೆ ಇನ್ನಷ್ಟು ಹಳದಿಯಾದಾಗ ಇನ್ನಷ್ಟು ನೀರು ಹಾಕಿದೆ.

ಮಗಳಿಗೂ ನಾನು ಮಾಡುತ್ತಿದ್ದುದು ಹೆಚ್ಚು ಕಡಿಮೆ ಇದೇ. ನಲ್ವತ್ತು ದಿನ ಮುಗಿದಿತ್ತು. ಆದರೆ ಅವಳ ಮುಖದಲ್ಲಿ ಗೆಲುವಿರಲಿಲ್ಲ. ಮಗು ಅತ್ತರೆ ಇವಳೂ ಅಳುತ್ತಿದ್ದಳು. ನಾಲ್ಕು ಗಂಟೆಗೆ ಹೊರಗೆ ಕತ್ತಲಾಗತೊಡಗಿದರೆ ಕಿಟಕಿಯ ಕಡೆ ನೋಡುತ್ತಾ ಕುಳಿತುಬಿಡುತ್ತಿದ್ದಳು. ನನಗೆ ಗೊತ್ತಿದ್ದ ಔಷಧ ಒಂದೇ. ತಿನ್ನು, ಕುಡಿ, ಹೊದ್ದುಕೋ, ಕಿಟಕಿ ತೆಗೆಯಬೇಡ, ಹೊರಗೆ ಹೋಗಬೇಡ. ಎರಡು ಗಂಟೆಗೊಮ್ಮೆ ಏನಾದರೊಂದು ಲೋಟ ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದೆ. ಆರು ವಾರದ ತಪಾಸಣೆಗೆ ಹೋದಾಗ ಡಾಕ್ಟರ್ ಒಂದು ಹಾಳೆಯ ಪ್ರಶ್ನೆಗಳನ್ನು ಕೊಟ್ಟು ಉತ್ತರ ಗುರುತು ಮಾಡಲು ಹೇಳಿದರಂತೆ. ನಿದ್ದೆ ಬರುತ್ತದೆಯೇ, ಕಾರಣವಿಲ್ಲದೆ ಅಳು ಬರುತ್ತದೆಯೇ ಎಂದೆಲ್ಲ. ಮನಸ್ಸಿನ ಈ ಬಗೆಯ ಬೇಸರ ಬಾಣಂತಿಯರಲ್ಲಿ ಬರುವಂಥದೇ, ಮುಚ್ಚಿಡಬಾರದು ಎಂದು ತಿಳಿಹೇಳಿ, ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಅವರು ಕೊಟ್ಟ ಸಲಹೆ ಎರಡು. ಅವಳು ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಮಾಡಬೇಕು. ದಿನಕ್ಕೊಮ್ಮೆ ಹಗಲಿನ ಬೆಳಕಿನಲ್ಲಿ ಹೊರಗೆ ನಡೆಯಬೇಕು.

ಚಳಿಯಲ್ಲಿ ಬಾಣಂತಿ ನಡೆಯುವುದೇ! ನಾನು ಅಳಿಯನೊಡನೆ ಜಗಳಕ್ಕೇ ನಿಂತೆ. ಆ ಸಂಜೆ ಖಾಲಾ ಬಂದವರು ಮೊದಲು ಮಲ್ಲಿಗೆಯ ಕಡೆ ನೋಡಿದರು. ಕುಂಡ ತನ್ನ ಜಾಗದಲ್ಲಿ ಇರಲಿಲ್ಲ. ಅವರು ಬಗ್ಗಿ ಮಣ್ಣಿಗೆ ಬೆರಳು ಚುಚ್ಚಿ, ಮೂಸಿ ನೋಡಿ, ನನ್ನ ಕಡೆ ತಿರುಗಿದರು. ಕುಂಡವನ್ನು ಪತ್ರಿಕೆಯ ಮೇಲೆ ಬೋರಲು ಹಾಕಿದಾಗ ಬಂದದ್ದು ಕೆಸರಿನ ಮುದ್ದೆ. ಬಿಳಿಯಾಗಿರಬೇಕಾದ ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಕಳಚಿ ಬರುತ್ತಿದ್ದವು. ಮಗಳು ಕೋಣೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದಳು.

ಖಾಲಾ ಬಯ್ಯಲಿಲ್ಲ. ಕೊಳೆತ ಬೇರು ಕತ್ತರಿಸಿ, ಒಣ ಮಣ್ಣಿನಲ್ಲಿ ನೆಟ್ಟು, ಹೀಟರಿನಿಂದ ದೂರ ಇಟ್ಟರು. "ಸೋನೇ ದೋ" ಎಂದರು. ಮಲಗಲು ಬಿಡಿ. ಗಿಡಕ್ಕೆ ಹೇಳಿದರೋ, ಬಾಗಿಲಲ್ಲಿ ನಿಂತವಳನ್ನು ನೋಡಿ ಹೇಳಿದರೋ ನನಗೆ ತಿಳಿಯಲಿಲ್ಲ. ಅಂದು ರಾತ್ರಿ ಮಗುವನ್ನು ಹಾಲಿನಲ್ಲಿ ನನ್ನ ಪಕ್ಕ ಮಲಗಿಸಿಕೊಂಡೆ. ಅವಳನ್ನು ಎಬ್ಬಿಸಲಿಲ್ಲ. ಮಗುವಿಗೆ ಹಿಂಡಿಟ್ಟ ಹಾಲು ಕುಡಿಸಿದೆ. ಮೂರು ಸಲ ಲೋಟ ಹಿಡಿದು ಅವಳ ಕೋಣೆಯ ತನಕ ಹೋಗಿ ಹಿಂದೆ ಬಂದೆ.

ಮಲ್ಲಿಗೆ ಬದುಕಲಿಲ್ಲ. ಜನವರಿಯಲ್ಲಿ ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದೆ. ಸಿಪ್ಪೆಯ ಅಡಿಯಲ್ಲಿ ಹಸಿರಿದ್ದರೆ ಜೀವವಿದೆ ಎಂದರ್ಥ. ಬುಡದವರೆಗೂ ಕೆರೆದೆ, ಎಲ್ಲ ಕಂದು. ಊರಿನಿಂದ ದೂರ ಬಂದ ಮೊದಲ ವರ್ಷ ಅವಳ ಜೊತೆಗಿದ್ದ ಗಿಡವನ್ನು ಅವಳ ತಾಯಿಯೇ ಬಂದು ಕೊಂದಂತಾಯಿತು. "ಹೋಗಲಿ ಬಿಡಿ ಉಮ್ಮಾ" ಎಂದಳು. ಹಾಗೆ ಅಂದದ್ದೇ ನನಗೆ ಹೆಚ್ಚು ನೋವಾಯಿತು.

ಉಳಿದ ಗಿಡಗಳ ವಿಷಯಕ್ಕೆ ಬರುತ್ತೇನೆ. ಒಳಗಿನ ಗಾಳಿ ಹಪ್ಪಳದಂತೆ ಒಣಗಿರುತ್ತದೆ. ನಮ್ಮ ತುಟಿ ಒಡೆಯುವಂತೆ ಗಿಡಕ್ಕೂ ಕಷ್ಟ. ಈ ಒಣಹವೆಯಲ್ಲಿ ದಾಸವಾಳದ ಎಲೆಯಡಿ ನುಸಿ ಬಂತು. ತೆಂಗಿಗೆ ಬರುವ ನುಸಿಯ ದೂರದ ನೆಂಟ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಎಲೆಯ ಮೇಲೆ ಸೂಜಿಮೊನೆಯಂಥ ಹಳದಿ ಚುಕ್ಕೆ, ಕೆಳಗೆ ನವಿರಾದ ಬಲೆ ಕಂಡರೆ ಅದೇ. ವಾರಕ್ಕೊಮ್ಮೆ ಬಾತ್‌ರೂಮಿಗೆ ಒಯ್ದು, ಕುಂಡಕ್ಕೆ ಪ್ಲಾಸ್ಟಿಕ್ ಕಟ್ಟಿ, ಎಲೆಯಡಿಗೆ ಶವರ್ ಹಿಡಿದು ತೊಳೆದೆವು. ಅಗಲ ತಟ್ಟೆಯಲ್ಲಿ ಬೆಣಚು ಕಲ್ಲು ಹರವಿ, ನೀರು ಹಾಕಿ, ಕುಂಡದ ತಳ ನೀರಿಗೆ ತಾಗದಂತೆ ಕಲ್ಲಿನ ಮೇಲೆ ಇಟ್ಟೆವು. ಆ ನೀರು ಆರುತ್ತಾ ಸುತ್ತ ಒಂದಿಷ್ಟು ತೇವ ಕೊಡುತ್ತದೆ. ದೊಡ್ಡ ಪ್ರಯೋಜನವೇನೂ ಕಾಣಲಿಲ್ಲ, ತೊಳೆದದ್ದೇ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಭಿಪ್ರಾಯ.

ಡಿಸೆಂಬರ್ 23ರಂದು ಆ ಪ್ರಾಂತ್ಯದಲ್ಲಿ ದೊಡ್ಡ ಹಿಮಗಾಳಿ ಎದ್ದಿತು. ಕೆಲವೇ ಗಂಟೆಗಳಲ್ಲಿ ಹವೆ ಸೊನ್ನೆಯ ಮೇಲಿನಿಂದ ಬಹಳ ಕೆಳಕ್ಕಿಳಿಯಿತು. ಹದಿನಾಲ್ಕನೆಯ ಮಹಡಿಯಲ್ಲಿ ಗಾಜು ಗಡಗಡ ನಡುಗುತ್ತಿತ್ತು. ಬೆಳಿಗ್ಗೆ ನೋಡಿದರೆ ಗಾಜಿಗೆ ತಾಗಿಕೊಂಡಿದ್ದ ದಾಸವಾಳದ ಎಲೆಗಳಷ್ಟೇ ಕಪ್ಪಾಗಿದ್ದವು, ಅರ್ಧ ಗೇಣು ಈಚೆಗಿದ್ದವು ಚೆನ್ನಾಗಿದ್ದವು. ಅಲ್ಲಿಂದ ಮುಂದೆ ರಾತ್ರಿ ಗಿಡಕ್ಕೂ ಗಾಜಿಗೂ ನಡುವೆ ರಟ್ಟು ನಿಲ್ಲಿಸುವ ಕೆಲಸ ನನ್ನದಾಯಿತು. ಹಗಲು ಆ ರಟ್ಟು ತೆಗೆದು, ಗಾಜನ್ನು ಒಳಗಿನಿಂದ ಒರೆಸಿ, ಕುಂಡಗಳನ್ನು ಕಾಲು ಸುತ್ತು ತಿರುಗಿಸುವುದು. ತಿರುಗಿಸದಿದ್ದರೆ ಗಿಡ ಬೆಳಕಿನ ಕಡೆಗೇ ಕತ್ತು ಚಾಚಿ ಸೊಟ್ಟಗಾಗುತ್ತದೆ.

ಮೊಸರು ಡಬ್ಬಿಯ ಹನ್ನೆರಡು ಜಿರೇನಿಯಂಗಳಲ್ಲಿ ಮೂರು ಬುಡ ಕಪ್ಪಾಗಿ ಹೋದವು. ಒಂಬತ್ತು ನವೆಂಬರ್ ಕೊನೆಗೆ ಬೇರು ಬಿಟ್ಟವು. ಮೆಲ್ಲಗೆ ಎಳೆದರೆ ಕೈಗೆ ಬರದೆ ಹಿಡಿದುಕೊಂಡರೆ ಬೇರು ಬಂದಿದೆ ಎಂದು ತಿಳಿಯಬೇಕು. ಒಂಬತ್ತು ಗೇಣಿನ ಕಿಟಕಿಯಲ್ಲಿ ನಾಲ್ಕು ದೊಡ್ಡ ಗಿಡ ಹಿಡಿಸುತ್ತಿರಲಿಲ್ಲ. ಒಂಬತ್ತು ಮರಿಗಳು ಹಿಡಿದವು. ಖಾಲಾ ಅಂದು ಕತ್ತರಿ ಹಿಡಿದದ್ದು ಯಾಕೆಂದು ಆಗ ಒಪ್ಪಿದೆ.

ಟೊರೊಂಟೊ ನಗರದ ನಡುವೆ ಅಲನ್ ಗಾರ್ಡನ್ಸ್ ಎಂಬ ತೋಟವಿದೆ. 1910ರಲ್ಲಿ ಕಟ್ಟಿದ ಗಾಜಿನ ಗುಮ್ಮಟದ ಮನೆಯಲ್ಲಿ ತಾಳೆ ಜಾತಿಯ ಮರಗಳನ್ನು ಬೆಳೆಸಿದ್ದಾರಂತೆ. ಕರೆದುಕೊಂಡು ಹೋಗುತ್ತೇನೆಂದು ಅಳಿಯ ಹೇಳುತ್ತಲೇ ಇದ್ದರು, ಬಾಣಂತಿ ಮನೆಯಿಂದ ಹೊರಡಲು ಆಗಲಿಲ್ಲ. ಲಾಲ್‌ಬಾಗಿನ ಗಾಜಿನಮನೆ ನಾನು ನೋಡಿದ್ದೇನೆ. 1889ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ. ಚಿಕ್ಕಂದಿನಲ್ಲಿ ಅದರೊಳಗೆ ನಿಂತು, ಹೊರಗೇ ಇಷ್ಟು ಹೂವಿರುವಾಗ ಗಾಜಿನ ಮನೆ ಯಾಕೆ ಎಂದು ಉಪ್ಪನನ್ನು ಕೇಳಿದ್ದೆ. ನಮಗೆ ಅದು ಪ್ರದರ್ಶನದ ಜಾಗ. ಅಲ್ಲಿನವರಿಗೆ ಗಾಜು ಎಂದರೆ ಜೀವ ಉಳಿಸುವ ಗೋಡೆ.

ಮಗಳು ಡಿಸೆಂಬರಿನಲ್ಲಿ ನಡೆಯತೊಡಗಿದಳು. ಮೊದಲ ದಿನ ಕಟ್ಟಡಕ್ಕೆ ಒಂದು ಸುತ್ತು, ಖಾಲಾ ಜೊತೆಗೆ. ಮಗುವನ್ನು ನಾನು ನೋಡಿಕೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ, ಇರುವ ಬಿಸಿಲು ಇರುವಾಗಲೇ. ಮೂಗು ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ ಬಂದಳು. ನನಗೆ ಗಾಬರಿ. ಅವಳು ನಗುತ್ತಿದ್ದಳು, ಗಾಳಿಗೆ ಕಣ್ಣೀರು ಬಂದದ್ದಂತೆ. ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ಹೇಳಲಾರೆ. ಡಾಕ್ಟರರ ಬಳಿ ಮತ್ತೆ ಎರಡು ಸಲ ಹೋಗಿ ಬಂದರು. ಜನವರಿ ಕೊನೆಯಲ್ಲಿ ಒಂದು ದಿನ ಅವಳೇ ಎದ್ದು ಮೊಸರು ಡಬ್ಬಿಗಳಿಂದ ಜಿರೇನಿಯಂಗಳನ್ನು ಚಿಕ್ಕ ಕುಂಡಗಳಿಗೆ ಬದಲಾಯಿಸಿದಳು. ನಾನು ಅಡುಗೆಮನೆಯಿಂದ ಇಣುಕಿ ನೋಡಿ, ಸಹಾಯಕ್ಕೆ ಹೋಗಲಿಲ್ಲ. ಕೈ ಸುಮ್ಮನಿರಿಸಿಕೊಳ್ಳುವುದು ನನಗೆ ಸುಲಭದ ಕೆಲಸವಲ್ಲ, ನನ್ನನ್ನು ಬಲ್ಲವರಿಗೆ ಗೊತ್ತು.

ಮಾರ್ಚ್ ಮೊದಲ ವಾರ ನನ್ನ ಆರು ತಿಂಗಳು ಮುಗಿಯಿತು. ರಮಝಾನಿಗೆ ಮೊದಲು ಊರು ಸೇರಬೇಕಿತ್ತು. ಹೊರಡುವ ಹಿಂದಿನ ದಿನ ಖಾಲಾ ನನಗೆ ಕತ್ತರಿ ಕೊಟ್ಟು, ಒಂಬತ್ತು ಮರಿಗಳ ಕುಡಿಗಳನ್ನು ನನ್ನ ಕೈಯಿಂದಲೇ ಚಿವುಟಿಸಿದರು. ಕುಡಿ ಚಿವುಟಿದರೆ ಪಕ್ಕದಿಂದ ಗೆಲ್ಲು ಒಡೆದು ಗಿಡ ತುಂಬಿಕೊಳ್ಳುತ್ತದೆ. ಈ ಸಲ ನಾನು ವಾದ ಮಾಡಲಿಲ್ಲ.

ಮಾರ್ಚ್ ಮಧ್ಯದಲ್ಲಿ ಮಗಳು ವೀಡಿಯೋ ಕರೆಯಲ್ಲಿ ಲಾಕರಿನ ಚೀಲಗಳನ್ನು ತೋರಿಸಿದಳು. ನಾಲ್ಕರಲ್ಲಿ ಒಂದು ಪೂರ್ತಿ ಒಣಗಿತ್ತು. ಮೂರರ ಕಡ್ಡಿಗಳಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಮೊಳಕೆ. ಬದುಕಿದ ಮೂರರಲ್ಲಿ ಎರಡು, ಗೀಟೆಳೆದ ಚೀಲಗಳಲ್ಲಿದ್ದ ಮುದಿ ಗಿಡಗಳು! ಖಾಲಾಗೆ ತಪ್ಪದೆ ತಿಳಿಸು ಎಂದೆ. ಡೇಲಿಯಾ ಗೆಡ್ಡೆ ಒಂದು ಕೊಳೆತಿತ್ತು, ಒಂದು ಚೆನ್ನಾಗಿತ್ತು. ಫ್ಯೂಷಿಯಾಕ್ಕೆ ನೀರು ಕೊಟ್ಟು ಬೆಳಕಿಗಿಟ್ಟ ವಾರದಲ್ಲಿ ಚಿಗುರಿತು.

ಆದರೂ ಅವನ್ನು ಕೂಡಲೇ ಹೊರಗಿಡುವಂತಿಲ್ಲ. ಏಪ್ರಿಲಿನಲ್ಲಿ ಬಿಸಿಲು ಕಂಡು ಮೋಸಹೋದವರ ಗಿಡ ಒಂದೇ ರಾತ್ರಿಯ ಹಿಮಕ್ಕೆ ಹೋಗುತ್ತದೆ. ಅಲ್ಲಿನವರು ಮೇ ತಿಂಗಳ ವಿಕ್ಟೋರಿಯಾ ಡೇ ರಜೆಯನ್ನು ಗುರುತಾಗಿ ಇಟ್ಟುಕೊಳ್ಳುತ್ತಾರೆ. 2023ರಲ್ಲಿ ಅದು ಮೇ 22ಕ್ಕೆ ಬಂತು. ಅದಕ್ಕೆ ಹತ್ತು ದಿನ ಮೊದಲಿನಿಂದ ಕುಂಡಗಳನ್ನು ದಿನಾ ಒಂದು ಗಂಟೆ, ಎರಡು ಗಂಟೆ ಎಂದು ನೆರಳಿನಲ್ಲಿ ಹೊರಗಿಟ್ಟು, ಸಂಜೆ ಒಳಗೆ ತಂದು, ಗಾಳಿಗೂ ಬಿಸಿಲಿಗೂ ಒಗ್ಗಿಸಬೇಕು. ಚಳಿಗಾಲವಿಡೀ ಗಾಜಿನ ಹಿಂದಿದ್ದ ಎಲೆ ಒಮ್ಮೆಲೇ ಬಿಸಿಲಿಗೆ ಬಿದ್ದರೆ ಸುಟ್ಟುಹೋಗುತ್ತದೆ.

ಆ ವಾರ ನಮ್ಮಲ್ಲಿ ಸೆಕೆ ತಡೆಯಲಾಗದೆ ನಾನು ಜಗಲಿಯಲ್ಲಿ ಕುಳಿತಿದ್ದೆ. ಬಾವಿಕಟ್ಟೆಯ ಬಳಿ ಊರಿ ಹೋದ ಎರಡು ಗೆಲ್ಲುಗಳಲ್ಲಿ ಒಂದು ಚಿಗುರಿ ಮೊಣಕಾಲೆತ್ತರ ಬಂದಿತ್ತು. ಮೊಬೈಲಿಗೆ ಫೋಟೋ ಬಂತು. ಬಾಲ್ಕನಿಯ ಕಂಬಿಗೆ ಸಾಲಾಗಿ ಜಿರೇನಿಯಂಗಳು, ಆಗಲೇ ಎರಡರಲ್ಲಿ ಕೆಂಪು ಮೊಗ್ಗು. ಖಾಲಾ ಮಣೆಯ ಮೇಲೆ ಕುಳಿತಿದ್ದಾರೆ, ಅವರ ಮಡಿಲಿನಲ್ಲಿ ಎಂಟು ತಿಂಗಳ ಮೊಮ್ಮಗಳು, ಎರಡೂ ಮುಷ್ಟಿಯಲ್ಲಿ ಮಣ್ಣು. ಗೋಡೆಯ ಮೂಲೆಯಲ್ಲಿ ಹೊಸದೊಂದು ಕುಂಡ. ದೊಡ್ಡದು ಮಾಡಿ ನೋಡಿದೆ. ದುಂಡುಮಲ್ಲಿಗೆ. ನರ್ಸರಿಯ ಚೀಟಿ ಇನ್ನೂ ಅದರ ಮೇಲೇ ಇತ್ತು.

ಕೆಳಗೆ ಮಗಳು ಬರೆದಿದ್ದಳು: "ಉಮ್ಮಾ, ಇನ್ನೊಮ್ಮೆ ಚಳಿಗಾಲಕ್ಕೆ ಬರುವುದಾದರೆ ಒಂದು ವಾರ 
ಮೊದಲೇ ಹೇಳಿ. ಇದನ್ನು ಖಾಲಾ ಮನೆಯಲ್ಲಿ ಇಡುತ್ತೇನೆ."